ಮೆಂಬ್ರೇನ್ ಬದಲಿಸುವ ಮೊದಲು ಒಂದು ಲೀಟರ್ ಜಗ್ ತನ್ನಿ

ಪ್ರಶ್ನೆ: ಅಣ್ಣಾರೇ, ನಮ್ಮ ಮನೆ ಕಲಬುರಗಿಯಲ್ಲಿ, ಸೇಡಂ ರೋಡಿನ ಕಡೆ. ಆರ್‌ಒ ಮಷಿನ್ ಹಾಕಿಸಿ ಎರಡೂವರೆ ವರ್ಷ ಆಯ್ತು. ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ, ಹಾಗಾಗಿ ಬೋರ್ ನೀರಿಗೇ ಜೋಡಿಸಿದ್ದೇವೆ. ಮೊದಲು ಎಂಟು ಲೀಟರಿನ ಟ್ಯಾಂಕ್ ಒಂದು ತಾಸಿನಲ್ಲಿ ತುಂಬುತ್ತಿತ್ತು. ಈ ಬೇಸಿಗೆ ಶುರುವಾದ ಮೇಲೆ ಮೂರು ತಾಸು ಬೇಕು. ಸರ್ವಿಸ್ ಹುಡುಗ ಬಂದು ಮೀಟರ್ ಇಟ್ಟು ನೋಡಿದ. ಬೋರ್ ನೀರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಉಪ್ಪಿನ ಲೆಕ್ಕ, 1,150, ಮಷಿನ್ ನೀರಿನದು 150. ಪಕ್ಕದ ಮನೆಯವರು ನಳದ ನೀರಿಗೆ ಹಾಕಿಸಿದ್ದಾರೆ, ಅವರದು 40 ಬರುತ್ತದೆ. ನಿಮ್ಮ ಮೆಂಬ್ರೇನ್, ಅಂದರೆ ಉಪ್ಪು ತಡೆಯುವ ಒಳಗಿನ ಪದರ, ಹೋಗಿದೆ, ಫಿಲ್ಟರ್‌ಗಳ ಪೂರ್ತಿ ಸೆಟ್ ಬದಲಿಸಬೇಕು ಅಂದ. ನಿಜಾನಾ? ವೇಸ್ಟ್ ನೀರನ್ನು ಕೂಲರಿಗೆ ಹಾಕಬಹುದಾ? ನಮ್ಮ ಅತ್ತೆಯವರು ಮಷಿನ್ ನೀರು ಕುಡಿದರೆ ಮೂಳೆ ಸವೆಯುತ್ತದೆ ಅಂತ ನಳದ ನೀರನ್ನು ಕೊಡದಲ್ಲಿ ತುಂಬಿಟ್ಟು ಅದನ್ನೇ ಕುಡಿಯುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಅಕ್ಕಾರೇ, ಸದ್ಯಕ್ಕೆ ಸೆಟ್ ಬದಲಿಸಬೇಡಿ. ನೀವು ಬರೆದ ಅಂಕಿಗಳನ್ನು ನೋಡಿದರೆ ನಿಮ್ಮ ಮೆಂಬ್ರೇನ್ ಸತ್ತ ಹಾಗೆ ಕಾಣುವುದಿಲ್ಲ. ನಾನು ಇದೇ ಊರಿನಲ್ಲಿ ಹದಿನಾರು ವರ್ಷದಿಂದ ಈ ಮಷಿನ್‌ಗಳನ್ನು ಬಿಚ್ಚಿ ಜೋಡಿಸುತ್ತಿದ್ದೇನೆ. ಜನ ತಿಪ್ಪೆಗೆ ಎಸೆದ ಮೆಂಬ್ರೇನ್‌ಗಳಲ್ಲಿ ಇನ್ನೂ ಒಂದು ವರ್ಷ ಆರಾಮಾಗಿ ಓಡುವಂಥವು ಎಷ್ಟೋ ಸಿಕ್ಕಿವೆ.

ಮೊದಲು ಪಕ್ಕದ ಮನೆಯ 40ರ ವಿಷಯ ಮುಗಿಸೋಣ, ಯಾಕಂದ್ರೆ ಅದೇ ನಿಮ್ಮ ತಲೆ ಕೆಡಿಸಿದೆ. ಮೆಂಬ್ರೇನ್ ಒಂದು ಅಂಕಿಗೆ ನೀರನ್ನು ತಂದು ನಿಲ್ಲಿಸುವುದಿಲ್ಲ. ಬಂದ ಉಪ್ಪಿನಲ್ಲಿ ನೂರಕ್ಕೆ ಇಷ್ಟು ಪಾಲನ್ನು ತಡೆಯುತ್ತದೆ, ಅಷ್ಟೇ ಅದರ ಕೆಲಸ. ನಿಮ್ಮದು 1,150ರಲ್ಲಿ 1,000 ತಡೆದಿದೆ, ಅಂದರೆ ನೂರಕ್ಕೆ 87. ಅವರ ನಳದ ನೀರು 350 ಇದೆ ಅಂದುಕೊಳ್ಳಿ, 40 ಹೊರಗೆ ಬಂದರೆ 310 ತಡೆದ ಹಾಗಾಯ್ತು, ಅದು ನೂರಕ್ಕೆ 88 ಚಿಲ್ಲರೆ. ಇಬ್ಬರ ಮೆಂಬ್ರೇನೂ ಒಂದೇ ಕ್ಲಾಸಿನಲ್ಲಿ ಪಾಸಾಗಿವೆ, ನಿಮ್ಮದಕ್ಕೆ ಕೊಟ್ಟ ಪೇಪರ್ ಕಷ್ಟದ್ದು. ಹೊಸ ಮೆಂಬ್ರೇನ್ 95ರ ಸುತ್ತ ತಡೆಯುತ್ತದೆ. ಎರಡೂವರೆ ವರ್ಷ ಸವಳು ನೀರು ಕುಡಿದ ಮೆಂಬ್ರೇನ್ 87ರಲ್ಲಿ ಇದೆ ಅಂದ್ರೆ ನಾನು ಅದಕ್ಕೆ ಕೈ ಹಚ್ಚುವುದಿಲ್ಲ. 80ಕ್ಕಿಂತ ಕೆಳಗೆ ಬಂದಾಗ ಬದಲಿಸುವ ಯೋಚನೆ ಮಾಡುತ್ತೇನೆ.

ಇನ್ನೊಂದು ವಿಷಯ ಆ ಹುಡುಗ ನೋಡಿದನೋ ಇಲ್ಲವೋ. ಬಹಳ ಮಷಿನ್‌ಗಳಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ತಿರುಗಿಸಿದಷ್ಟೂ ಮೆಂಬ್ರೇನ್ ಒಳಗೆ ಹೋಗದ ನೀರು ಸ್ವಲ್ಪ ಸ್ವಲ್ಪವೇ ಶುದ್ಧ ನೀರಿಗೆ ಬೆರೆಯುತ್ತದೆ, ರುಚಿಗೆ ಅಂತ. ನಿಮ್ಮದರಲ್ಲಿ ಅದು ಸ್ವಲ್ಪ ತೆರೆದಿದ್ದರೆ ಈ 150 ಪೂರ್ತಿ ಮೆಂಬ್ರೇನಿನ ತಪ್ಪಲ್ಲ. ಅದನ್ನು ಮುಚ್ಚಿಸಿ ಅಳೆಯಬೇಕು. ಅಳೆಯುವುದಕ್ಕೂ ಒಂದು ರೀತಿ ಇದೆ. ರಾತ್ರಿಯೆಲ್ಲ ನಿಂತ ಮಷಿನ್ ಶುರುವಾದಾಗ ಬರುವ ಮೊದಲ ಒಂದೆರಡು ಗ್ಲಾಸಿನಲ್ಲಿ ಟಿಡಿಎಸ್ ಯಾವಾಗಲೂ ಜಾಸ್ತಿ ಇರುತ್ತದೆ, ಪಂಪು ನಿಂತಾಗ ಆಚೆ ಬದಿಯ ಉಪ್ಪು ನಿಧಾನಕ್ಕೆ ಈಚೆ ಇಳಿದಿರುತ್ತದೆ. ಆ ನೀರಿಗೆ ಮೀಟರ್ ಇಟ್ಟು ಮೆಂಬ್ರೇನ್ ಹೋಯ್ತು ಅನ್ನುವವರಿದ್ದಾರೆ. ಹತ್ತು ನಿಮಿಷ ಓಡಲಿ, ಆಮೇಲೆ ಟ್ಯಾಂಕಿಗೆ ಬೀಳುವ ಸಣ್ಣ ಪೈಪಿನಿಂದಲೇ ಹಿಡಿದು ಅಳೆಯಿರಿ.

ಈಗ ನಿಜವಾದ ತೊಂದರೆಗೆ ಬರೋಣ, ವೇಗ ಕಮ್ಮಿ ಆಗಿದ್ದು. ನೀವು ಬೇಸಿಗೆ ಶುರುವಾದ ಮೇಲೆ ಅಂತ ಬರೆದಿದ್ದೀರಲ್ಲ, ಅದು ನನಗೆ ಬಹಳ ಉಪಯೋಗದ ಮಾತು. ಯಾಕಂದ್ರೆ ಬೇಸಿಗೆಯಲ್ಲಿ ಆಗಬೇಕಾದದ್ದು ಇದರ ಉಲ್ಟಾ. ನೀರು ಬಿಸಿಯಾದಷ್ಟೂ ಮೆಂಬ್ರೇನಿನಿಂದ ಬೇಗ ದಾಟುತ್ತದೆ, ಒಂದು ಡಿಗ್ರಿಗೆ ಸುಮಾರು ನೂರಕ್ಕೆ ಮೂರರಷ್ಟು. ಡಿಸೆಂಬರಿನಲ್ಲಿ ಮಷಿನ್ ನಿಧಾನ ಆಯ್ತು ಅಂತ ಫೋನ್ ಮಾಡಿದರೆ ಸುಮ್ನೆ ಇರಿ ಅನ್ನುತ್ತೇನೆ. ಏಪ್ರಿಲ್‌ನಲ್ಲಿ ನಿಧಾನ ಆಯ್ತು ಅಂದ್ರೆ ಎಲ್ಲೋ ಏನೋ ಕಟ್ಟಿಕೊಂಡಿದೆ, ಅಥವಾ ಪಂಪಿನ ಉಸಿರು ಕಮ್ಮಿಯಾಗಿದೆ.

ಒಂದು ಲೀಟರಿನ ಜಗ್ ತಗೊಳ್ಳಿ, ಮೊಬೈಲಿನಲ್ಲಿ ಗಡಿಯಾರ ಇಡಿ. ಟ್ಯಾಂಕ್ ಅರ್ಧ ಖಾಲಿ ಮಾಡಿ ಮಷಿನ್ ಓಡಲು ಬಿಡಿ. ಮೊದಲು ಸಿಂಕಿಗೆ ಹೋಗುವ ವೇಸ್ಟ್ ಪೈಪನ್ನು ಜಗ್ಗಿನಲ್ಲಿ ಹಿಡಿಯಿರಿ, ಎಷ್ಟು ನಿಮಿಷಕ್ಕೆ ಒಂದು ಲೀಟರ್ ತುಂಬಿತು ಅಂತ ಬರೆದುಕೊಳ್ಳಿ. ಆಮೇಲೆ ಶುದ್ಧ ನೀರಿನ ಪೈಪಿಗೂ ಹಾಗೇ ಮಾಡಿ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 75 ಜಿಪಿಡಿ ಮೆಂಬ್ರೇನ್, ಅಂದರೆ ಕಂಪನಿ ಲೆಕ್ಕದಲ್ಲಿ ದಿನಕ್ಕೆ 75 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 284 ಲೀಟರ್. ತಾಸಿಗೆ ಹನ್ನೊಂದು ಹನ್ನೆರಡು ಲೀಟರ್ ಆಯ್ತಲ್ವಾ, ನಮ್ಮ ಸವಳು ನೀರಿಗೆ ಎಂಟು ಹತ್ತು ಬಂದರೆ ಚೆನ್ನಾಗಿದೆ ಅಂತಲೇ ಅರ್ಥ. ನಿಮಗೆ ತಾಸಿಗೆ ಮೂರು ಲೀಟರೂ ಪೂರ್ತಿ ಬರುತ್ತಿಲ್ಲ. ಶುದ್ಧ ನೀರು ಕಮ್ಮಿ ಅನ್ನುವುದು ಗೊತ್ತೇ ಇದೆ. ರೋಗ ಎಲ್ಲಿದೆ ಅಂತ ಹೇಳುವುದು ವೇಸ್ಟ್ ಪೈಪು.

ವೇಸ್ಟ್ ಪೈಪಿನಲ್ಲೂ ನೀರು ಸಣ್ಣಗೆ, ದಾರದ ಹಾಗೆ ಬರುತ್ತಿದ್ದರೆ ಮೆಂಬ್ರೇನಿಗೆ ನೀರೇ ಸಾಲದು. ಮಷಿನ್ ಹೊರಗಿನ ಬೌಲಿನಲ್ಲಿರುವ, ಮಣ್ಣು ಹಿಡಿಯುವ ಬಿಳಿ ಕ್ಯಾಂಡಲ್ ಕಟ್ಟಿರುತ್ತದೆ, ಇಲ್ಲವೇ ಒಳಗಿನ ಸೆಡಿಮೆಂಟ್ ಫಿಲ್ಟರ್, ಕಾರ್ಬನ್ ಫಿಲ್ಟರ್ ಎರಡರಲ್ಲಿ ಒಂದು. ಬೇಸಿಗೆಯಲ್ಲಿ ಬೋರ್ ಕೆಳಗಿಳಿದಾಗ ನುಣ್ಣನೆ ಮಣ್ಣು ಮೇಲೆ ಬರುತ್ತದೆ, ಬಿಳಿ ಕ್ಯಾಂಡಲ್ ಮೂರು ವಾರದಲ್ಲಿ ಚಹಾ ಸೋಸಿದ ಬಟ್ಟೆಯ ಹಾಗೆ ಆಗುವುದನ್ನು ನೋಡಿದ್ದೇನೆ. ನನ್ನ ಅಂದಾಜು ನಿಮ್ಮದು ಇದೇ. ಬದಲಿಸಲು ಖರ್ಚೂ ಕಮ್ಮಿ, ಹತ್ತು ನಿಮಿಷದ ಕೆಲಸ.

ಕ್ಯಾಂಡಲ್ ಸ್ವಚ್ಛ ಇದ್ದೂ ಎರಡೂ ಪೈಪು ಸಣ್ಣಗೆ ಬಂದರೆ ಪಂಪು ನೋಡಬೇಕು. ಅದಕ್ಕಿಂತ ಮೊದಲು ಪಂಪಿಗೆ ಕರೆಂಟ್ ಕೊಡುವ ಅಡಾಪ್ಟರ್ ನೋಡಬೇಕು. ಪಂಪಿಗೆ 24 ವೋಲ್ಟ್ ಬೇಕು. ನಮ್ಮೂರಿನ ವೋಲ್ಟೇಜ್ ಆಟಕ್ಕೆ ಅಡಾಪ್ಟರ್ ಬಳಲಿ ಹದಿನೆಂಟು ಕೊಡುತ್ತಿರುತ್ತದೆ, ಪಂಪು ಗುಂಯ್ ಅನ್ನುತ್ತಿರುತ್ತದೆ, ಮನೆಯವರು ಓಡುತ್ತಿದೆಯಲ್ಲ ಅಂದುಕೊಂಡಿರುತ್ತಾರೆ. ಮೆಕ್ಯಾನಿಕ್ ಹತ್ತಿರ ಮಲ್ಟಿಮೀಟರ್ ಇರುತ್ತದೆ, ನಿಮ್ಮ ಎದುರಿಗೇ ಇಟ್ಟು ತೋರಿಸಲು ಹೇಳಿ.

ವೇಸ್ಟ್ ಪೈಪಿನಲ್ಲಿ ನೀರು ಜೋರಾಗಿ ಬರುತ್ತಿದೆ, ಎರಡೂವರೆ ನಿಮಿಷದೊಳಗೆ ಲೀಟರ್ ತುಂಬುತ್ತಿದೆ, ಶುದ್ಧ ನೀರು ಮಾತ್ರ ಹನಿಹನಿ. ಹಾಗಿದ್ದರೆ ಎರಡು ಅನುಮಾನ. ಒಂದು, ವೇಸ್ಟ್ ಪೈಪನ್ನು ಬಿಗಿ ಹಿಡಿಯುವ ಎಫ್‌ಆರ್ (ಫ್ಲೋ ರೆಸ್ಟ್ರಿಕ್ಟರ್) ಸಡಿಲಾಗಿ ಒತ್ತಡ ನಿಲ್ಲುತ್ತಿಲ್ಲ. ಅದು ಬೆರಳುದ್ದದ ಪ್ಲಾಸ್ಟಿಕ್ ತುಂಡು, ಮೆಂಬ್ರೇನಿನ ಬೆಲೆಗೆ ಹೋಲಿಸಿದರೆ ಪುಡಿಗಾಸು. ಎರಡನೆಯದು, ಮೆಂಬ್ರೇನಿನ ಮೇಲೆ ಸುಣ್ಣ ಕಟ್ಟಿದೆ. ಆಗ ಹುಡುಗ ಹೇಳಿದ್ದು ನಿಜ, ಬದಲಿಸಿ. ಆದರೂ ಪೂರ್ತಿ ಸೆಟ್ ಯಾಕೆ ಅಂತ ಕೇಳಿ.

ಇನ್ನೂ ಒಂದು ಸ್ಥಿತಿ ಇದೆ, ಅದನ್ನು ಯಾರೂ ರೋಗ ಅಂತ ತಿಳಿಯುವುದೇ ಇಲ್ಲ. ವೇಸ್ಟ್ ನೀರು ಬಹಳ ಕಮ್ಮಿ, ಶುದ್ಧ ನೀರು ಚೆನ್ನಾಗಿ ಬರುತ್ತಿದೆ. ಮನೆಯವರಿಗೆ ಖುಷಿ, ನಮ್ಮ ಮಷಿನ್ ನೀರು ಹಾಳು ಮಾಡುವುದಿಲ್ಲ ಅಂತ. ಎಫ್‌ಆರ್ ಕಟ್ಟಿಕೊಂಡಿರುತ್ತದೆ ಅಷ್ಟೇ, ಹೊರಗೆ ಹೋಗಬೇಕಾದ ಉಪ್ಪು ಒಳಗೇ ಗಟ್ಟಿಯಾಗುತ್ತಾ ಮೆಂಬ್ರೇನನ್ನು ತಿಂಗಳೊಪ್ಪತ್ತಿನಲ್ಲಿ ಮುಗಿಸಿಬಿಡುತ್ತದೆ.

ಸುಣ್ಣದ ಮಾತು ಬಂತಲ್ಲ. ನಿಮ್ಮ ಮನೆಯ ನೆಲಕ್ಕೆ ಶಹಾಬಾದ್ ಪರಸಿ ಇದ್ದರೆ ಅದರ ಮೇಲೆ ನಿಂಬೆಹಣ್ಣಿನ ರಸ ಚೆಲ್ಲಿ ಬಿಟ್ಟಾಗ ಏನಾಗುತ್ತದೆ ನೆನಪಿಸಿಕೊಳ್ಳಿ, ಬೆಳ್ಳನೆಯ ಕಲೆ ಉಳಿಯುತ್ತದೆ. ಅದು ಸುಣ್ಣಕಲ್ಲು, ಹುಳಿಗೆ ಕರಗುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದೊಳಗೆಲ್ಲ ಇದೇ ಕಲ್ಲು, ವಾಡಿಯಲ್ಲೂ ಮಳಖೇಡದಲ್ಲೂ ಸಿಮೆಂಟ್ ಫ್ಯಾಕ್ಟರಿ ಬಂದದ್ದು ಇದಕ್ಕೇ. ಬೀದರ್ ಕೋಟೆ ಸುತ್ತ ಇರುವ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಸುಣ್ಣ ಕಮ್ಮಿ, ಅಲ್ಲಿನ ಬಾವಿ ನೀರಿಗೆ ಸೋಪು ನೊರೆ ಬರುತ್ತದೆ, ನಮ್ಮ ಬೋರಿಗೆ ಬರುವುದಿಲ್ಲ. ಹೋದ ವರ್ಷ ಒಂದು ಸತ್ತ ಮೆಂಬ್ರೇನನ್ನು ಅಂಗಡಿಯಲ್ಲಿ ಉದ್ದಕ್ಕೆ ಸೀಳಿ ಬಿಚ್ಚಿದೆ. ಅದು ಚಾಪೆ ಸುತ್ತಿದ ಹಾಗೆ ಇರುತ್ತದೆ, ಪದರ ಪದರ. ಒಳಗಿನ ಬಲೆಯ ತುಂಬ ರವೆಯಂಥ ಬಿಳಿ ಹರಳು. ಅದರ ಮೇಲೆ ನಿಂಬೆ ಹಿಂಡಿದೆ, ಸುಯ್ ಅಂತ ನೊರೆ ಎದ್ದಿತು. ಪರಸಿಯೂ ಅದೇ, ಇದೂ ಅದೇ.

ಹಾಗಂತ ನೀವು ಮನೆಯಲ್ಲಿ ನಿಂಬೆಯೋ ವಿನೆಗರೋ ಹಾಕಿ ಮೆಂಬ್ರೇನ್ ತೊಳೆಯಲು ಹೋಗಬೇಡಿ. ಒಮ್ಮೆ ಗಟ್ಟಿ ಕಟ್ಟಿದ ಸುಣ್ಣ ಹಾಗೆ ಪೂರ್ತಿ ಹೋಗುವುದಿಲ್ಲ, ಮೂಲೆಯ ರಬ್ಬರ್ ಸೀಲ್ ಜರುಗಿ ಸವಳು ನೀರು ನೇರವಾಗಿ ಒಳಗೆ ಸೇರುತ್ತದೆ. ಕಟ್ಟದ ಹಾಗೆ ನೋಡಿಕೊಳ್ಳುವುದೇ ದಾರಿ. ಮೆಂಬ್ರೇನಿಗೆ ಮೊದಲು ಸುಣ್ಣ ತಡೆಯುವ ಉಂಡೆಗಳ ಒಂದು ಫಿಲ್ಟರ್ ಹಾಕುತ್ತಾರೆ, ಸ್ಫಟಿಕದ ಗೋಲಿಗಳ ಹಾಗೆ ಇರುತ್ತವೆ. ಅವು ಕರಗುತ್ತಾ ಹೋಗುತ್ತವೆ. ಖಾಲಿಯಾದರೂ ಮಷಿನ್ ಓಡುತ್ತಲೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. 1,000 ದಾಟಿದ ನೀರಿಗೆ ಇದು ಇಲ್ಲದೆ ಮೆಂಬ್ರೇನ್ ಹಾಕಿದರೆ ದುಡ್ಡು ನೀರಿಗೆ ಹಾಕಿದಂತೆಯೇ.

ನಮ್ಮ ಊರಿಗೇ ವಿಶೇಷವಾದ ಇನ್ನೊಂದು ವೈರಿ ಬಿಸಿಲು. ಮಾಳಿಗೆ ಮೇಲೆ ಕರಿ ಪ್ಲಾಸ್ಟಿಕ್ ಟ್ಯಾಂಕ್, ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆ. ನಳ ತಿರುಗಿಸಿದರೆ ಕೈ ಇಡಲು ಆಗುವುದಿಲ್ಲ ಅಲ್ವಾ? ಈ ಮೆಂಬ್ರೇನ್‌ಗಳಿಗೆ ಕಂಪನಿಯವರು ಸಾಮಾನ್ಯವಾಗಿ ಹೇಳುವ ಗರಿಷ್ಠ 45 ಡಿಗ್ರಿ. ಬಿಸಿ ನೀರಿನಲ್ಲಿ ಉಪ್ಪೂ ಜಾಸ್ತಿ ದಾಟುತ್ತದೆ, ಸುಣ್ಣವೂ ಬೇಗ ಕಟ್ಟುತ್ತದೆ. ಅದಕ್ಕೇ ಏಪ್ರಿಲ್, ಮೇನಲ್ಲಿ ಮಷಿನ್ನನ್ನು ಬೆಳಗಿನ ಜಾವ ಓಡಿಸಿ, ಎರಡು ಸ್ಟೀಲ್ ಡಬ್ಬಿ ತುಂಬಿಟ್ಟುಕೊಳ್ಳಿ, ಹನ್ನೊಂದಕ್ಕೆ ಸ್ವಿಚ್ ಬಂದ್ ಮಾಡಿ, ಸಂಜೆ ಮತ್ತೆ ಹಾಕಿ. ಟ್ಯಾಂಕಿನ ಮೇಲೆ ಹಳೆಯ ಗೋಣಿತಟ್ಟು ಹೊದಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ನಳದ ನೀರಿಗೆ ಹಾಕಿದವರಿಗೆ ಬೇರೆ ಎಚ್ಚರ ಬೇಕು. ಅದರಲ್ಲಿ ಕ್ಲೋರಿನ್ ಇರುತ್ತದೆ, ಟ್ಯಾಂಕರ್ ನೀರಿಗೆ ಬ್ಲೀಚಿಂಗ್ ಪೌಡರ್ ಸುರಿದಿರುತ್ತಾರೆ. ಕ್ಲೋರಿನ್ ಮೆಂಬ್ರೇನಿನ ಪದರವನ್ನೇ ತಿಂದುಹಾಕುತ್ತದೆ. ಅದನ್ನು ತಡೆಯುವುದು ಕಾರ್ಬನ್ ಫಿಲ್ಟರ್. ಇದೊಂದನ್ನು ಮಾತ್ರ ನಾನು ಅಳೆದು ನೋಡಿ ಅನ್ನುವುದಿಲ್ಲ, ಕ್ಯಾಲೆಂಡರ್ ನೋಡಿ ಅನ್ನುತ್ತೇನೆ. ಆರು ತಿಂಗಳು, ಬಹಳ ಅಂದ್ರೆ ವರ್ಷ, ಬದಲಿಸಿಬಿಡಿ. ಮೆಂಬ್ರೇನಿಗೆ ಒಂದೂವರೆಯಿಂದ ಮೂರು ವರ್ಷ ಅನ್ನುವುದು ರೂಢಿಯ ಮಾತು, ಆದರೆ ಅದರ ಆಯುಷ್ಯ ನಿಮ್ಮ ಜಗ್ಗು, ಮೀಟರು ಹೇಳಬೇಕು.

ವೇಸ್ಟ್ ನೀರನ್ನು ಕೂಲರಿಗೆ ಹಾಕಬೇಡಿ. ಲೆಕ್ಕ ಮಾಡಿ ನೋಡಿ, ಮೂರು ಲೀಟರ್ ಒಳಗೆ ಹೋಗಿ ಒಂದು ಲೀಟರ್ ಶುದ್ಧವಾಯ್ತು ಅಂದ್ರೆ ಉಳಿದ ಎರಡು ಲೀಟರಿನಲ್ಲಿ ಆ ಉಪ್ಪೆಲ್ಲ ಸೇರಿ ಟಿಡಿಎಸ್ 1,650 ಆಗಿರುತ್ತದೆ. ಕೂಲರಿನಲ್ಲಿ ನೀರು ಮಾತ್ರ ಆವಿಯಾಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ, ಹದಿನೈದು ದಿನದಲ್ಲಿ ಪ್ಯಾಡ್ ಬಿಳಿ ಹಪ್ಪಳ ಆಗುತ್ತದೆ. ಕುಂಡದ ಗಿಡಕ್ಕೂ ಬೇಡ, ತುಳಸಿ ಮೊದಲು ಎಲೆ ತುದಿ ಸುಟ್ಟುಕೊಂಡು ಆಮೇಲೆ ಪೂರ್ತಿ ಹೋಗುತ್ತದೆ. ನೆಲ ಒರೆಸಲು, ಪಾತ್ರೆಯನ್ನು ಮೊದಲ ಸಲ ಜಾಲಿಸಲು, ಪಾಯಖಾನೆಗೆ, ಅಂಗಳ ಚಿಮುಕಿಸಲು ಧಾರಾಳವಾಗಿ ಬಳಸಿ. ಒಬ್ಬರ ಮನೆಯಲ್ಲಿ ಯಾರೋ ಬುದ್ಧಿವಂತ ಪ್ಲಂಬರ್ ವೇಸ್ಟ್ ಪೈಪನ್ನು ವಾಪಸ್ ಸಂಪಿಗೇ ಬಿಟ್ಟಿದ್ದ. ನೀರು ಉಳಿಯಿತು ಅಂತ ಮನೆಯವರು ಎಲ್ಲರಿಗೂ ತೋರಿಸುತ್ತಿದ್ದರು. ನಾನು ಹೋಗಿ ಅಳೆದಾಗ ಸಂಪಿನ ನೀರು 2,000 ದಾಟಿತ್ತು, ದಿನಾ ಅದೇ ಉಪ್ಪನ್ನು ಸುತ್ತಿ ಸುತ್ತಿ ಸೋಸುತ್ತಿದ್ದರು ಪಾಪ.

ಇನ್ನು ನಿಮ್ಮ ಅತ್ತೆಯವರು. ಅವರಿಗೆ ಏನೂ ಹೇಳಬೇಡಿ, ಅವರ ಮಾತಿನಲ್ಲಿ ಅರ್ಧ ಸರಿ ಇದೆ. ನಮ್ಮ ನಳದ ನೀರು ಭೀಮಾ ನದಿಯಿಂದ, ಬೆಣ್ಣೆತೊರೆಯಿಂದ ಬರುವ ನೀರು, ಬೋರಿನಷ್ಟು ಸವಳಲ್ಲ. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ ಟಿಡಿಎಸ್ 500ರವರೆಗೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 2,000ದವರೆಗೆ ನಡೆಯುತ್ತದೆ ಅಂತ ಇದೆ. 500ಕ್ಕಿಂತ ಕಮ್ಮಿ ಇರುವ ಕಡೆ ಆರ್‌ಒ ಬೇಡ ಅಂತ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಅಂಥ ನೀರಿನಲ್ಲಿ ಹೆದರಬೇಕಾದದ್ದು ಉಪ್ಪಿಗಲ್ಲ, ಕ್ರಿಮಿಗೆ. ಕುದಿಸಿ ಆರಿಸಿ ಕೊಡಕ್ಕೆ ಹಾಕಿದರೆ, ಇಲ್ಲ ಬೆಳಕಿನಿಂದ ಕ್ರಿಮಿ ಕೊಲ್ಲುವ ಯುವಿ ಮಷಿನ್ ಇದ್ದರೆ ಸಾಕು. ಹಾಗೇ ತುಂಬಿಟ್ಟು ಕುಡಿಯುತ್ತಿದ್ದರೆ ಮಾತ್ರ ಕುದಿಸಿಕೊಡಿ, ಮಳೆಗಾಲದಲ್ಲಂತೂ ಬಿಡಲೇಬೇಡಿ. ಮೂಳೆಯ ವಿಷಯಕ್ಕೆ, ಸುಣ್ಣಾಂಶ ನಮಗೆ ಬಹುಪಾಲು ಬರುವುದು ಹಾಲು ಮೊಸರು, ಸೊಪ್ಪು, ಎಳ್ಳು ಇವುಗಳಿಂದ. ನೀರಿನದು ಸಣ್ಣ ಪಾಲು. 150ರ ನೀರು ಕುಡಿದು ಯಾರ ಮೂಳೆಯೂ ಸವೆಯುವುದಿಲ್ಲ. 20ಕ್ಕೆ ಇಳಿಸಿ ಕೊಡುತ್ತೇವೆ ಅಂತ ಹೆಮ್ಮೆ ಪಡುವವರಿದ್ದಾರಲ್ಲ, ಅದರ ಅಗತ್ಯ ಇಲ್ಲ, ರುಚಿಯೂ ಸಪ್ಪೆ.

ಅತ್ತೆಯವರನ್ನು ಒಪ್ಪಿಸಲೇಬೇಕು ಅಂದ್ರೆ ಅಡುಗೆಮನೆಯಿಂದ ಶುರು ಮಾಡಿ. ನಮ್ಮ ತೊಗರಿಬೇಳೆಗೆ ಜಿಐ ಗುರುತು ಸಿಕ್ಕಿದ್ದು ದೊಡ್ಡ ಮಾತು, ಆದರೆ ಅದೇ ಬೇಳೆಯನ್ನು ನಮ್ಮ ಬೋರ್ ನೀರಿನಲ್ಲಿ ಹಾಕಿದರೆ ಎಷ್ಟು ಸೀಟಿ ಹೊಡೆಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ನೀರಿನ ಸುಣ್ಣ ಬೇಳೆಯೊಳಗಿನ ಅಂಟನ್ನು ಬಿಗಿಮಾಡುತ್ತದೆ. ಮಷಿನ್ ನೀರಿನಲ್ಲಿ ಅದೇ ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ. ನಮ್ಮ ತಾಯಿಯವರು ಒಪ್ಪಿದ್ದು ಇದನ್ನು ನೋಡಿಯೇ, ನನ್ನ ಮೀಟರ್ ನೋಡಿ ಅಲ್ಲ.

ಒಂದು ಮಾತು ಯಾದಗಿರಿ ಕಡೆಯವರಿಗೆ, ಇದನ್ನು ಓದುತ್ತಿದ್ದರೆ. ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು ಮಾತ್ರ. ಯಾವ ಉಪ್ಪು, ವಿಷ ಇದೆಯೋ ಇಲ್ಲವೋ, ಕ್ರಿಮಿ ಇದೆಯೋ, ಅದಕ್ಕೆ ಏನೂ ಗೊತ್ತಿಲ್ಲ. ಅಲ್ಲಿನ ಗ್ರಾನೈಟ್ ನೆಲದ ಬೋರುಗಳಲ್ಲಿ ಫ್ಲೋರೈಡ್ ಇದೆ, ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಸಿಕ್ಕಿತ್ತು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಮೀಟರ್ 400 ತೋರಿಸುವ ನೀರಿನಲ್ಲೂ ಅದು ದಾಟಿರಬಹುದು. ಅಂಥ ಕಡೆ ಮೊದಲು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಆ ಟಿಡಿಎಸ್ ಕಂಟ್ರೋಲರ್ ತಿರುಪನ್ನು ಪೂರ್ತಿ ಮುಚ್ಚಿಸಿಡಿ. ರುಚಿಗೆ ಅಂತ ಬೆರೆಸುವ ನೀರಿನ ಜೊತೆ ಫ್ಲೋರೈಡೂ ಲೋಟಕ್ಕೆ ಬರುತ್ತದೆ.

ನಿಮಗೆ ನನ್ನ ಸಲಹೆ ಇನ್ನೊಂದಿದೆ. ನಳದ ನೀರು ಬಂದ ದಿನ ಇನ್ನೂರು ಲೀಟರಿನ ಒಂದು ಬೇರೆ ಸಣ್ಣ ಟ್ಯಾಂಕ್ ತುಂಬಿಸಿ, ಮಷಿನ್ ಪೈಪನ್ನು ಬೋರಿನಿಂದ ತೆಗೆದು ಅದಕ್ಕೆ ಜೋಡಿಸಿ. ಕುಡಿಯಲು, ಅಡುಗೆಗೆ ದಿನಕ್ಕೆ ಹದಿನೈದು ಇಪ್ಪತ್ತು ಲೀಟರ್ ಸಾಕಲ್ವಾ, ವೇಸ್ಟ್ ಸೇರಿಸಿದರೂ ಮೂರು ನಾಲ್ಕು ದಿನ ನಡೆಯುತ್ತದೆ. ಟ್ಯಾಂಕ್ ನೆರಳಿನಲ್ಲಿರಲಿ, ಮುಚ್ಚಿರಲಿ. ಮೆಂಬ್ರೇನಿನ ಮೇಲಿನ ಭಾರ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಾರ್ಬನ್ ಮಾತ್ರ ಮೊದಲೇ ಹೊಸದು ಹಾಕಿಸಿಕೊಳ್ಳಿ, ಕ್ಲೋರಿನ್ ಕಥೆ ಹೇಳಿದೆನಲ್ಲ.

ಊರಿಗೆ ಹೋಗಿ ಹತ್ತು ಹದಿನೈದು ದಿನ ಬೀಗ ಹಾಕುವುದಿದ್ದರೆ ಮಷಿನ್ ಟ್ಯಾಂಕ್ ಖಾಲಿ ಮಾಡಿ ಹೋಗಿ, ಬಂದ ಮೇಲೆ ಮೊದಲ ಎರಡು ಟ್ಯಾಂಕ್ ನೀರು ಚೆಲ್ಲಿ. ಮುಂದೆ ಯಾವಾಗಲಾದರೂ ಮೆಂಬ್ರೇನ್ ಬದಲಿಸಿದಾಗಲೂ ಮೊದಲ ಟ್ಯಾಂಕ್ ಕುಡಿಯಬೇಡಿ, ಹೊಸದರ ಮೇಲೆ ಬದಲಿಸಿದ ತಾರೀಖನ್ನು ಮಾರ್ಕರ್ ಪೆನ್ನಿನಿಂದ ಬರೆಸಿ. ಹಳೆಯದನ್ನು ಹುಡುಗನ ಕೈಗೆ ಕೊಡದೆ ನೀವೇ ಇಟ್ಟುಕೊಳ್ಳಿ. ತೊಳೆದು ಇನ್ನೊಬ್ಬರ ಮನೆಗೆ ಹೊಸದು ಅಂತ ಹಾಕಿದ್ದನ್ನು ನಾನೇ ಹಿಡಿದಿದ್ದೇನೆ, ಸೀಲಿನ ಮೇಲೆ ಹಳೆಯ ಸುಣ್ಣ ಹಾಗೇ ಇತ್ತು.

ನಾಳೆ ಬೆಳಿಗ್ಗೆ ಜಗ್ ಇಟ್ಟು ನೋಡಿ, ವೇಸ್ಟ್ ಎಷ್ಟು ನಿಮಿಷ, ಶುದ್ಧ ಎಷ್ಟು ನಿಮಿಷ, ತಿರುಪು ಮುಚ್ಚಿದ ಮೇಲೆ ಟಿಡಿಎಸ್ ಎಷ್ಟು, ಮೂರು ಅಂಕಿ ಬರೆದು ಕಳಿಸಿ. ಹೊರಗಿನ ಬೌಲ್ ಬಿಚ್ಚುವ ಮೊದಲು ಮೇಲಿನ ನಳ ಬಂದ್ ಮಾಡಿ, ಕೆಳಗೆ ಬಕೆಟ್ ಇಡಿ. ನಮ್ಮ ಮನೆಯಲ್ಲೇ ಒಮ್ಮೆ ಇದನ್ನು ಮರೆತು ಅಡುಗೆಮನೆಯ ಜೋಳದ ಹಿಟ್ಟಿನ ಡಬ್ಬಿಯವರೆಗೂ ನೀರು ಹೋಗಿತ್ತು.